ಥಾಮಸ್ ಆಲ್ವಾ ಎಡಿಸನ್ (ಧ್ವನಿಮುದ್ರಣ ಕ್ಷೇತ್ರ)

ಥಾಮಸ್ ಆಲ್ವಾ ಎಡಿಸನ್ (11 ಫೆಬ್ರವರಿ 1847 – 18 ಅಕ್ಟೋಬರ್ 1931) ಅಮೆರಿಕದ ಸುಪ್ರಸಿದ್ಧ ಸಂಶೋಧಕರು ಹಾಗೂ ಉದ್ಯಮಿ. ಅವರ ಹೆಸರು ವಿದ್ಯುದ್ದೀಪದೊಂದಿಗೆ ಬೆಸೆದುಕೊಂಡಿದ್ದರೂ, ಅವರಿಗೆ ಮೊದಲು ಜಗತ್ಪ್ರಸಿದ್ಧಿ ತಂದುಕೊಟ್ಟದ್ದು ಧ್ವನಿಯನ್ನು ಮುದ್ರಿಸಿ ಮತ್ತೆ ಕೇಳಿಸಬಲ್ಲ ಯಂತ್ರವಾದ ಫೋನೋಗ್ರಾಫ್. ಮುದ್ರಿತ ಧ್ವನಿಯು ಮೂಲಧ್ವನಿಗೆ ಎಷ್ಟು ನಿಷ್ಠವಾಗಿದೆ, ಅದನ್ನು ತೀರ್ಮಾನಿಸಲು ಯಾರ ಕಿವಿಯನ್ನು ನಂಬಬೇಕು ಎಂಬ ಚರ್ಚೆ ಧ್ವನಿಪ್ರಿಯರ ವಲಯದಲ್ಲಿ ಇಂದಿಗೂ ಮುಗಿದಿಲ್ಲ. ಆ ಚರ್ಚೆ ಆರಂಭವಾದದ್ದು ಎಡಿಸನ್ನರ ಕಾಲದಲ್ಲೇ, ಅವರ ಯಂತ್ರದ ಸುತ್ತಲೇ. ಈ ಲೇಖನವು ಅವರ ಜೀವನವನ್ನು ಮುಖ್ಯವಾಗಿ ಧ್ವನಿಮುದ್ರಣದ ದೃಷ್ಟಿಯಿಂದ ಪರಿಚಯಿಸುತ್ತದೆ.

ಬಾಲ್ಯ ಮತ್ತು ಶ್ರವಣದೋಷ

ಎಡಿಸನ್ ಓಹಿಯೋ ರಾಜ್ಯದ ಮಿಲಾನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಸ್ಯಾಮ್ಯುಯೆಲ್, ತಾಯಿ ನ್ಯಾನ್ಸಿ. ಏಳು ಮಕ್ಕಳಲ್ಲಿ ಇವರೇ ಕಿರಿಯರು. 1854ರಲ್ಲಿ ಕುಟುಂಬವು ಮಿಷಿಗನ್ ರಾಜ್ಯದ ಪೋರ್ಟ್ ಹ್ಯೂರನ್‌ನಲ್ಲಿ ನೆಲೆಸಿತು. ಶಾಲೆಯ ಓದು ಬೇಗನೆ ನಿಂತುಹೋಗಿ, ಹಿಂದೆ ಶಿಕ್ಷಕಿಯಾಗಿದ್ದ ತಾಯಿಯೇ ಮನೆಯಲ್ಲಿ ಪಾಠ ಹೇಳಿದರು. ಹನ್ನೆರಡನೆಯ ವಯಸ್ಸಿಗೆ ರೈಲಿನಲ್ಲಿ ಪತ್ರಿಕೆ ಮಾರತೊಡಗಿದ ಹುಡುಗ, ಮುಂದೆ ತಂತಿ ಕಚೇರಿಗಳಲ್ಲಿ ದುಡಿದು ವಿದ್ಯುತ್ತಿನ ಪ್ರಾಯೋಗಿಕ ಜ್ಞಾನವನ್ನು ಗಳಿಸಿದ. ಬಾಲ್ಯದಲ್ಲೇ ಎಡಿಸನ್ನರ ಕಿವಿ ಮಂದವಾಯಿತು. ವಯಸ್ಸಾದಂತೆ ಆ ದೋಷ ಹೆಚ್ಚಿತು. ಧ್ವನಿಯನ್ನು ಹಿಡಿದಿಟ್ಟವರಿಗೇ ಧ್ವನಿ ಸರಿಯಾಗಿ ಕೇಳಿಸುತ್ತಿರಲಿಲ್ಲವೆಂಬ ಸಂಗತಿ ಅವರ ಧ್ವನಿಮುದ್ರಣ ವ್ಯವಹಾರದ ಮೇಲೆ ಕೊನೆಯವರೆಗೂ ಪ್ರಭಾವ ಬೀರಿತು.

ಫೋನೋಗ್ರಾಫ್ ಮತ್ತು ಮೊದಲ ಸಂದೇಹಗಳು

1876ರಲ್ಲಿ ಎಡಿಸನ್ ನ್ಯೂ ಜೆರ್ಸಿಯ ಮೆನ್ಲೋ ಪಾರ್ಕ್‌ನಲ್ಲಿ ಪ್ರಯೋಗಾಲಯವನ್ನು ಸ್ಥಾಪಿಸಿದರು. ಮರುವರ್ಷ ಅವರ ಸೂಚನೆಯಂತೆ ಜಾನ್ ಕ್ರೂಸಿ ಎಂಬ ಕುಶಲಕರ್ಮಿ ಮೊದಲ ಫೋನೋಗ್ರಾಫನ್ನು ತಯಾರಿಸಿದರು. ಗೆರೆ ಕೊರೆದ ಹಿತ್ತಾಳೆಯ ಉರುಳೆಗೆ ತವರದ ಹಾಳೆಯನ್ನು ಸುತ್ತಲಾಗಿತ್ತು. ಮಾತನಾಡಿದಾಗ ತೆಳುವಾದ ಪೊರೆ ಕಂಪಿಸಿ, ಅದಕ್ಕೆ ಅಂಟಿದ ಮುಳ್ಳು ಹಾಳೆಯ ಮೇಲೆ ತಗ್ಗುದಿಣ್ಣೆಗಳನ್ನು ಮೂಡಿಸುತ್ತಿತ್ತು. ಮುಳ್ಳನ್ನು ಮತ್ತೆ ಅದೇ ಜಾಡಿನಲ್ಲಿ ಹಾಯಿಸಿದರೆ ಮಾತು ಮರಳಿ ಕೇಳುತ್ತಿತ್ತು.

ಈ ಯಂತ್ರ ಎದುರಿಸಿದ ಮೊದಲ ಪ್ರಶ್ನೆಯೇ ನಂಬಿಕೆಯದು. 1878ರ ಮಾರ್ಚ್‌ನಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಇದನ್ನು ಪ್ರದರ್ಶಿಸಿದಾಗ, ಹಿರಿಯ ವೈದ್ಯ ಬುಯ್ಯೋ ಇದನ್ನು ಮೋಸವೆಂದು ಬಗೆದರು. ತುಟಿ ಅಲುಗಿಸದೆ ಬೇರೆಡೆಯಿಂದ ಮಾತು ಬಂದಂತೆ ತೋರಿಸುವ ಕಲಾವಿದನ ಕೈಚಳಕವಿದು ಎಂಬುದು ಅವರ ಆರೋಪವಾಗಿತ್ತೆಂದು ಖಗೋಳ ಲೇಖಕ ಕಮೀಯ್ ಫ್ಲಾಮರಿಯೋಂ ದಾಖಲಿಸಿದ್ದಾರೆ. ಅಮೆರಿಕದಲ್ಲಿ ಎಡಿಸನ್ ತಾವೇ ಯಂತ್ರವನ್ನು ಕೊಂಡೊಯ್ದು ಪತ್ರಿಕಾ ಕಚೇರಿಯಲ್ಲೂ, 1878ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಹೇಯ್ಸ್ ಅವರ ಮುಂದೆಯೂ ಪ್ರದರ್ಶಿಸಿ ಸಂದೇಹಗಳನ್ನು ನಿವಾರಿಸಿದರು.

ಮೇಣದ ಉರುಳೆಯಿಂದ ತಟ್ಟೆಯವರೆಗೆ

ವಿದ್ಯುದ್ದೀಪದ ಕೆಲಸದಿಂದಾಗಿ ಸುಮಾರು ಹತ್ತು ವರ್ಷ ಫೋನೋಗ್ರಾಫ್ ಹಿಂದೆ ಸರಿಯಿತು. ವೆಸ್ಟ್ ಆರೆಂಜ್‌ನ ಹೊಸ ಪ್ರಯೋಗಾಲಯದಲ್ಲಿ 1888ರ ವೇಳೆಗೆ ಎಡಿಸನ್ ಮೇಣದ ಉರುಳೆಯ ಸುಧಾರಿತ ಯಂತ್ರವನ್ನು ರೂಪಿಸಿದರು. ಅಷ್ಟರಲ್ಲಿ ಎಮಿಲ್ ಬರ್ಲಿನರ್ ರೂಪಿಸಿದ ಗ್ರಾಮಫೋನ್ ತಟ್ಟೆ ರಂಗಕ್ಕೆ ಬಂದಿತ್ತು. ಅಗ್ಗವೂ ಸುಲಭವೂ ಆಗಿದ್ದ ಅದು ಕ್ರಮೇಣ ಮಾರುಕಟ್ಟೆಯನ್ನು ಆವರಿಸಿತು. ಕೊನೆಗೆ 1912ರಲ್ಲಿ ಎಡಿಸನ್ ಕಂಪನಿಯೂ ‘ಡೈಮಂಡ್ ಡಿಸ್ಕ್’ ಎಂಬ ತಟ್ಟೆಯನ್ನು ಹೊರತಂದಿತು. ಸುಮಾರು 6 ಮಿಲಿಮೀಟರ್ ದಪ್ಪವಿದ್ದ ಈ ತಟ್ಟೆಗೆ ಉಕ್ಕಿನ ಮುಳ್ಳಿನ ಬದಲು ವಜ್ರದ ಮೊನೆಯನ್ನು ಬಳಸಲಾಗುತ್ತಿತ್ತು. ಸ್ವರದ ಸ್ಪಷ್ಟತೆಯಲ್ಲಿ ಇದು ಸಮಕಾಲೀನ ತಟ್ಟೆಗಳಿಗಿಂತ ಮೇಲೆಂದು ಹಲವರು ಒಪ್ಪಿದ್ದರು. ಆದರೆ ಪ್ರತಿಸ್ಪರ್ಧಿಗಳ ಸಾಮಾನ್ಯ ಯಂತ್ರಗಳಲ್ಲಿ ಇದನ್ನು ನುಡಿಸಲಾಗುತ್ತಿರಲಿಲ್ಲ.

ಹೆಸರಿಲ್ಲದ ಗಾಯಕರು

ಕೇಳುಗರು ಗಾಯಕರ ಖ್ಯಾತಿಗೆ ಮರುಳಾಗದೆ ಧ್ವನಿಯ ಗುಣವನ್ನೇ ಗಮನಿಸಬೇಕೆಂಬುದು ಎಡಿಸನ್ನರ ನಿಲುವು. ಅದಕ್ಕನುಗುಣವಾಗಿ ಆರಂಭದ ಡೈಮಂಡ್ ಡಿಸ್ಕ್‌ಗಳ ಮೇಲೆ ಕಲಾವಿದರ ಹೆಸರನ್ನೇ ಮುದ್ರಿಸುತ್ತಿರಲಿಲ್ಲ. ಎದುರಾಳಿ ವಿಕ್ಟರ್ ಕಂಪನಿಯು ಕರೂಸೋ ಮೊದಲಾದ ದಿಗ್ಗಜರ ಹೆಸರಿನಿಂದಲೇ ತಟ್ಟೆಗಳನ್ನು ಮಾರುತ್ತಿದ್ದ ಕಾಲವದು. ವ್ಯಾಪಾರಕ್ಕೆ ಈ ನೀತಿ ಒಗ್ಗಲಿಲ್ಲ. ಮುಂದೆ ಹೆಸರುಗಳನ್ನು ಅಚ್ಚುಹಾಕಲಾಯಿತು.

ಖ್ಯಾತಿಯನ್ನು ಹೀಗೆ ಬದಿಗಿಟ್ಟರೂ ಅಂತಿಮ ತೀರ್ಪು ಒಬ್ಬರದೇ ಆಗಿತ್ತು. ಗಾಯಕರ ಪರೀಕ್ಷಾ ಮುದ್ರಣಗಳನ್ನು ಎಡಿಸನ್ ಸ್ವತಃ ಆಲಿಸಿ, ತಮ್ಮ ಟಿಪ್ಪಣಿ ಪುಸ್ತಕಗಳಲ್ಲಿ ನಿಷ್ಠುರ ಟೀಕೆಗಳನ್ನು ಬರೆಯುತ್ತಿದ್ದರು. ಕಂಪಿತ ಸ್ವರವೆಂದರೆ ಅವರಿಗೆ ಆಗುತ್ತಿರಲಿಲ್ಲ. ಕಿವಿಗೆ ಸಾಲದಾದಾಗ ಯಂತ್ರದ ಮರವನ್ನು ಹಲ್ಲಿನಿಂದ ಕಚ್ಚಿ, ತಲೆಬುರುಡೆಯ ಮೂಲಕ ಕಂಪನವನ್ನು ಗ್ರಹಿಸುತ್ತಿದ್ದರು. ಇದರಿಂದ ಯಂತ್ರದ ಸಣ್ಣಪುಟ್ಟ ದೋಷಗಳನ್ನು ಪತ್ತೆಹಚ್ಚಲು ನೆರವಾಯಿತಾದರೂ, ಸಂಗೀತದ ಆಯ್ಕೆ ಅವರ ವೈಯಕ್ತಿಕ ಅಭಿರುಚಿಗೆ ಕಟ್ಟುಬಿದ್ದಿತು. 1919ರಲ್ಲಿ ಇವರ ಕಂಪನಿಗೆ ನುಡಿಸಿದ್ದ ಪಿಯಾನೋ ವಾದಕ ರಾಖ್ಮನಿನೋಫ್ ಮರುವರ್ಷವೇ ವಿಕ್ಟರ್ ಕಂಪನಿಯನ್ನು ಸೇರಿದರು.

ಕತ್ತಲೆಯ ಪರೀಕ್ಷೆಗಳು

1915ರಿಂದ ಸುಮಾರು ಹತ್ತು ವರ್ಷಗಳ ಕಾಲ ಕಂಪನಿಯು ಅಮೆರಿಕದ ಊರೂರುಗಳಲ್ಲಿ ‘ಟೋನ್ ಟೆಸ್ಟ್’ ಎಂಬ ಸಾರ್ವಜನಿಕ ಪ್ರದರ್ಶನಗಳನ್ನು ಏರ್ಪಡಿಸಿತು. ವೇದಿಕೆಯಲ್ಲಿ ಗಾಯಕಿ ಫೋನೋಗ್ರಾಫಿನ ಪಕ್ಕದಲ್ಲಿ ನಿಂತು ತನ್ನದೇ ಮುದ್ರಿಕೆಯೊಂದಿಗೆ ಹಾಡುತ್ತಿದ್ದಳು. ನಡುನಡುವೆ ಹಾಡು ನಿಲ್ಲಿಸಿದರೂ ಯಂತ್ರ ಮುಂದುವರಿಯುತ್ತಿತ್ತು. ಬಳಿಕ ದೀಪ ಆರಿಸಲಾಗುತ್ತಿತ್ತು. ಮತ್ತೆ ಬೆಳಕು ಬಂದಾಗ ಗಾಯಕಿ ವೇದಿಕೆಯಲ್ಲೇ ಇಲ್ಲದಿರುವುದನ್ನು ಕಂಡು ಸಭಿಕರು ಬೆರಗಾಗುತ್ತಿದ್ದರು. ಪತ್ರಿಕೆಗಳ ವರದಿಗಳು ಕಂಪನಿಯ ಜಾಹೀರಾತಿಗೆ ಒದಗಿದವು.

ಈ ಪರೀಕ್ಷೆಯ ಮಿತಿಗಳು ಗಮನಾರ್ಹ. ತುತ್ತೂರಿಯ ಮೂಲಕ ಮುದ್ರಿಸುತ್ತಿದ್ದ ಆ ಕಾಲದಲ್ಲಿ ತೀರ ತಗ್ಗಿನ ಹಾಗೂ ತೀರ ಎತ್ತರದ ಸ್ವರಾಂಶಗಳು ತಟ್ಟೆಗೆ ಇಳಿಯುತ್ತಲೇ ಇರಲಿಲ್ಲ. ಯಂತ್ರಕ್ಕೆ ಒಗ್ಗುವ ಕಂಠಗಳನ್ನೇ ಆರಿಸಿಕೊಳ್ಳಲಾಗುತ್ತಿತ್ತು. ಈ ಪ್ರದರ್ಶನಗಳ ಪ್ರಮುಖ ಗಾಯಕಿ ಆನಾ ಕೇಸ್, ತಾವು ಯಂತ್ರದ ಧ್ವನಿಗೆ ಸರಿಹೊಂದುವಂತೆ ತಮ್ಮ ಕಂಠವನ್ನು ಅಳವಡಿಸಿಕೊಂಡು ಹಾಡಿದ್ದಾಗಿ ದಶಕಗಳ ಬಳಿಕ ತಿಳಿಸಿದರು. ಅಂದರೆ ಯಂತ್ರವು ಗಾಯಕಿಯನ್ನು ಅನುಕರಿಸುವುದರ ಬದಲು ಗಾಯಕಿಯೇ ಯಂತ್ರವನ್ನು ಅನುಕರಿಸಿದ್ದರು. ಪರೀಕ್ಷೆಯ ನಿಯಮ, ಸ್ಥಳ, ಗಾಯಕರು ಎಲ್ಲವೂ ಮಾರುವವರ ಕೈಯಲ್ಲೇ ಇದ್ದವು.

ಕೊನೆಯ ವರ್ಷಗಳು

1925ರಲ್ಲಿ ವಿಕ್ಟರ್ ಮತ್ತು ಕೊಲಂಬಿಯಾ ಕಂಪನಿಗಳು ಮೈಕ್ರೋಫೋನ್ ಬಳಸುವ ವಿದ್ಯುತ್ ಧ್ವನಿಮುದ್ರಣಕ್ಕೆ ಹೊರಳಿದವು. ಎಡಿಸನ್ ಕಂಪನಿ ತಡವಾಗಿ ಆ ದಾರಿ ಹಿಡಿಯಿತು. ನಷ್ಟ ಹೆಚ್ಚಿ 1929ರ ಅಕ್ಟೋಬರ್‌ನಲ್ಲಿ ಅದು ಮನರಂಜನೆಯ ಧ್ವನಿಮುದ್ರಿಕೆಗಳ ತಯಾರಿಕೆಯನ್ನು ನಿಲ್ಲಿಸಿತು. ಎರಡು ವರ್ಷಗಳ ನಂತರ ಎಡಿಸನ್ ವೆಸ್ಟ್ ಆರೆಂಜ್‌ನ ತಮ್ಮ ಮನೆಯಲ್ಲಿ ನಿಧನರಾದರು.

ಮಹತ್ವ

ಮೂಲವನ್ನು ಮರೆಮಾಡಿ ಕಿವಿಯೊಂದರಿಂದಲೇ ಧ್ವನಿಯನ್ನು ಅಳೆಯುವ ಕಲ್ಪನೆಯನ್ನು ಎಡಿಸನ್ನರ ಪ್ರದರ್ಶನಗಳು ಜನಸಾಮಾನ್ಯರಿಗೆ ತಲುಪಿಸಿದವು. ಮುಂದಿನ ಪೀಳಿಗೆಯ ತಂತ್ರಜ್ಞರು ಅದನ್ನು ಶಿಸ್ತಿಗೆ ಒಳಪಡಿಸಿದರು. ಹೋಲಿಸುವ ಎರಡೂ ಧ್ವನಿಗಳ ಮಟ್ಟ ಸಮನಾಗಿರಬೇಕು, ಯಾವುದು ಯಾವುದೆಂದು ಕೇಳುಗರಿಗೂ ಪರೀಕ್ಷೆ ನಡೆಸುವವರಿಗೂ ತಿಳಿದಿರಬಾರದು, ಒಂದೇ ಪ್ರಯತ್ನಕ್ಕೆ ತೃಪ್ತರಾಗದೆ ಪುನರಾವರ್ತಿಸಬೇಕು ಎಂಬವು ಇಂದಿನ ಸಾಮಾನ್ಯ ನಿಯಮಗಳು. ಕೇಳುಗರ ಅಥವಾ ತಯಾರಕರ ಹೆಸರಿನ ಹಂಗಿಲ್ಲದೆ, ಬೇರೆಯವರೂ ಮಾಡಿ ನೋಡಬಹುದಾದ ಇಂಥ ವಿಧಾನದ ಮೇಲೆಯೇ ತಾಂತ್ರಿಕ ವಿಮರ್ಶೆಯ ವಿಶ್ವಾಸಾರ್ಹತೆ ನಿಂತಿದೆ. ವೆಸ್ಟ್ ಆರೆಂಜ್‌ನ ಪ್ರಯೋಗಾಲಯ ಮತ್ತು ಮನೆಯನ್ನು ಇಂದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಗಿ ಸಂರಕ್ಷಿಸಲಾಗಿದ್ದು, ಎಡಿಸನ್ ಕಾಲದ ಸಾವಿರಾರು ಧ್ವನಿಮುದ್ರಿಕೆಗಳು ಅಲ್ಲಿವೆ.