ಮೊಣಕಾಲಿಗೆ ಮೊದಲ ಹೊಲಿಗೆ ಹಾಕಿದ ಡಾಕ್ಟರ್

ಜಮಖಂಡಿ, ಮುಧೋಳದ ಕುಸ್ತಿ ಕಣದಲ್ಲಾಗಲಿ, ಬೀಳಗಿಯ ಕಬಡ್ಡಿ ಅಂಗಳದಲ್ಲಾಗಲಿ ಆಟಗಾರ ಮೊಣಕಾಲು ಹಿಡಿದು ಕುಳಿತರೆ ಎಲ್ಲರ ಎದೆ ಧಸಕ್ಕೆನ್ನುತ್ತದೆ. ಪೊಲೀಸ್, ಸೇನಾ ಭರ್ತಿಗೆ ತಯಾರಾಗುವವರಿಗಂತೂ ಅದು ಕೆಲಸದ ಕನಸಿಗೇ ಬಿದ್ದ ಪೆಟ್ಟು. ಎಷ್ಟೋ ಸಲ ಮೂಳೆ ಮುರಿದಿರುವುದಿಲ್ಲ. ತೊಡೆಮೂಳೆಗೂ ಕಣಕಾಲಿನ ಮೂಳೆಗೂ ನಡುವೆ ಮೆತ್ತೆಯಂತಿರುವ ಅರ್ಧಚಂದ್ರಾಕಾರದ ಮೆದುಮೂಳೆ ಹರಿದಿರುತ್ತದೆ. ಇದೇ ಮೆನಿಸ್ಕಸ್. ಅದನ್ನು ಹೊಲಿದು ಉಳಿಸಬಹುದೆಂದು ತೋರಿಸಿಕೊಟ್ಟವರು ಥಾಮಸ್ ಅನ್ನಂಡೇಲ್.

1838ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹುಟ್ಟಿದ ಅವರು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿದರು. ಹೆಸರಾಂತ ಸರ್ಜನ್ ಜೇಮ್ಸ್ ಸೈಮ್ ಅವರ ಕೈಕೆಳಗೆ ಪಳಗಿದರು. 1877ರಲ್ಲಿ ಜೋಸೆಫ್ ಲಿಸ್ಟರ್ ಲಂಡನ್ನಿಗೆ ಹೋದಾಗ, ಅವರ ಪ್ರಾಧ್ಯಾಪಕ ಹುದ್ದೆ ಅನ್ನಂಡೇಲ್ ಪಾಲಿಗೆ ಬಂತು. ಆಗ ಕೀಲು ಕೊಯ್ಯುವುದೆಂದರೆ ಡಾಕ್ಟರುಗಳಿಗೂ ಭಯ. ಕೀವು ತುಂಬಿದರೆ ಕಾಲೂ ಹೋಗಬಹುದು, ಜೀವವೂ ಹೋಗಬಹುದು. ಗಾಯಕ್ಕೆ ಸೋಂಕು ತಗುಲದಂತೆ ತಡೆಯುವ ಲಿಸ್ಟರ್ ವಿಧಾನ ಆ ಭಯವನ್ನು ತಗ್ಗಿಸಿತ್ತು.

1883ರ ನವೆಂಬರ್‌ನಲ್ಲಿ ಗಣಿ ಕಾರ್ಮಿಕನೊಬ್ಬನ ಮೊಣಕಾಲನ್ನು ಅನ್ನಂಡೇಲ್ ತೆರೆದರು. ಜಾಗ ಬಿಟ್ಟು ಸರಿದಿದ್ದ ಮೆನಿಸ್ಕಸ್ಸನ್ನು ಎಳೆದು, ಪ್ರಾಣಿಗಳ ಕರುಳಿನಿಂದ ಮಾಡಿದ ದಾರದಲ್ಲಿ ಹೊಲಿದರು. ಕಾರ್ಮಿಕನ ಕಾಲು ಮತ್ತೆ ಮಡಚುವಂತಾಯಿತು. 1885ರಲ್ಲಿ ಈ ವರದಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಆದರೂ ಆ ಹೊಲಿಗೆಯ ದಾರಿ ಹಿಡಿದವರು ಕಡಿಮೆ. ಹರಿದದ್ದನ್ನು ಕತ್ತರಿಸಿ ತೆಗೆಯುವುದು ಸುಲಭವಾಗಿತ್ತು; ಮುಂದೆ ಸ್ವತಃ ಅನ್ನಂಡೇಲ್ ಕೂಡ ತೆಗೆದದ್ದುಂಟು. 1907ರಲ್ಲಿ ಅವರು ತೀರಿಕೊಂಡಾಗ ಹೊಲಿಗೆಯ ಬೆಲೆ ಯಾರಿಗೂ ಪೂರ್ತಿ ತಿಳಿದಿರಲಿಲ್ಲ. ಮೆನಿಸ್ಕಸ್ ತೆಗೆದ ಮೊಣಕಾಲು ಬೇಗ ಸವೆಯುತ್ತದೆ ಎಂಬುದರತ್ತ 1948ರಲ್ಲಿ ಫೇರ್‌ಬ್ಯಾಂಕ್ ಎಂಬ ಸರ್ಜನ್ ಎಕ್ಸ್-ರೇ ಆಧಾರದಲ್ಲಿ ಗಮನ ಸೆಳೆದರು. 1969ರಲ್ಲಿ ಜಪಾನಿನ ಹಿರೋಶಿ ಇಕೆಯುಚಿ, ಸಣ್ಣ ರಂಧ್ರದಿಂದ ದರ್ಶಕ ನಳಿಕೆ ತೂರಿಸಿ ಒಳಗೇ ಹೊಲಿದರು. ಈಗ ದಾರ ಜೋಡಿಸಿದ ಪುಟ್ಟ ಆ್ಯಂಕರ್‌ಗಳೂ ಬಂದಿವೆ.

ರಬಕವಿ-ಬನಹಟ್ಟಿಯ ನೇಕಾರರು ಎಳೆ ಹರಿದರೆ ಸೀರೆ ಎಸೆಯುವುದಿಲ್ಲ, ಗಂಟು ಹಾಕಿ ನೇಯುತ್ತಾರೆ. ಅನ್ನಂಡೇಲ್ ಮಾಡಿದ್ದೂ ಅದನ್ನೇ. ಹಾಗೆಂದು ಎಲ್ಲ ಹರಿತವೂ ಹೊಲಿಗೆಗೆ ಒಗ್ಗದು. ರಕ್ತ ಹರಿಯುವ ಹೊರಅಂಚು ಕೂಡುತ್ತದೆ, ಒಳಅಂಚು ಕೂಡುವುದು ಕಷ್ಟ. ಆದ್ದರಿಂದ ಗೆಳೆಯರೇ, ಮೊಣಕಾಲು ಬಾತು ಸಿಕ್ಕಿಹಾಕಿಕೊಂಡರೆ ಎಣ್ಣೆ ತಿಕ್ಕಿ ಮತ್ತೆ ಮೈದಾನಕ್ಕಿಳಿಯಬೇಡಿ. ಮೂಳೆ ಡಾಕ್ಟರಿಗೆ ತೋರಿಸಿ. ಆಪರೇಷನ್ ಎಂದರೆ, ತೆಗೆಯುವ ಮುನ್ನ ಹೊಲಿಯಲು ಬರುತ್ತದೆಯೇ ಎಂದು ಧೈರ್ಯವಾಗಿ ಕೇಳಿ.