ಹುಬ್ಬಳ್ಳಿಯಲ್ಲಿ ಹುಟ್ಟಿದ ಧನ್ವಂತಿ ರಾಮರಾವ್

ಬಾದಾಮಿ, ಹುನಗುಂದ, ಇಳಕಲ್ಲುಗಳ ಕಡೆಯಿಂದ ಬಾಗಲಕೋಟೆಯ ವಿದ್ಯಾಗಿರಿಗೆ ಓದಲು ಬರುವ ಹೆಣ್ಣುಮಕ್ಕಳನ್ನು ಕಂಡಾಗಲೆಲ್ಲ, ನೂರು ವರ್ಷಗಳಿಗೂ ಹಿಂದೆ ಕಾಲೇಜಿನ ವ್ಯಾಸಂಗಕ್ಕೆಂದು ಹುಬ್ಬಳ್ಳಿಯಿಂದ ಮದರಾಸಿಗೆ ಹೊರಟ ಒಬ್ಬ ತರುಣಿಯ ನೆನಪಾಗುತ್ತದೆ. ಬಾಗಲಕೋಟೆಯೂ ಹುಬ್ಬಳ್ಳಿಯೂ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಊರುಗಳು. ಆ ತರುಣಿ ಮುಂದೆ ದೇಶವಿದೇಶಗಳಲ್ಲಿ ಲೇಡಿ ರಾಮರಾವ್ ಎಂದು ಪ್ರಖ್ಯಾತರಾದರೂ, ಅವರು ಹುಟ್ಟಿ ಬೆಳೆದದ್ದು ನಮ್ಮ ಹುಬ್ಬಳ್ಳಿಯಲ್ಲಿ ಎಂಬುದನ್ನು ಬಲ್ಲವರು ವಿರಳ.

ಧನ್ವಂತಿ ಹಂಡೂ ಅವರು 1893ರಲ್ಲಿ ಜನಿಸಿದರು. ಮನೆತನ ಕಾಶ್ಮೀರದ ಪಂಡಿತರದು; ಊರು, ರೈಲ್ವೆ ಕಾರ್ಯಾಗಾರದ ಸದ್ದಿನೊಡನೆ ಬೆಳೆಯುತ್ತಿದ್ದ ಕನ್ನಡದ ಪಟ್ಟಣ. ಹೆಣ್ಣುಮಕ್ಕಳು ಅಕ್ಷರ ಕಲಿಯುವುದೇ ಅಪರೂಪವಾಗಿದ್ದ ಆ ದಿನಗಳಲ್ಲಿ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಅಲ್ಲಿಯ ಕ್ವೀನ್ ಮೇರಿ ಕಾಲೇಜಿನಲ್ಲಿ ಅಧ್ಯಾಪಕಿಯಾದರು. 1919ರಲ್ಲಿ ಬೆನಗಲ್ ರಾಮರಾಯರ ಕೈಹಿಡಿದರು. ರಾಮರಾಯರು ನಮ್ಮ ಕರಾವಳಿಯ ಚಿತ್ರಾಪುರ ಸಾರಸ್ವತರು; ಮುಂದೆ ಸಂವಿಧಾನ ರಚನೆಗೆ ಸಲಹೆಗಾರರಾದ ಬೆನಗಲ್ ನರಸಿಂಗರಾಯರ ತಮ್ಮಂದಿರು. ಕಾಶ್ಮೀರದ ಕನ್ಯೆಗೂ ಕರಾವಳಿಯ ವರನಿಗೂ ಮದುವೆಯೆಂದರೆ ಎರಡೂ ಮನೆತನಗಳಿಗೆ ಆಗ ಸಣ್ಣ ಮಾತಾಗಿರಲಿಲ್ಲ.

ಆಕೆ ಸಾರ್ವಜನಿಕ ಕಾರ್ಯಕ್ಕಿಳಿದದ್ದು ಬಾಲ್ಯವಿವಾಹದ ವಿರುದ್ಧ. ಬಾಲ್ಯವಿವಾಹ ನಿರ್ಮೂಲನಕ್ಕಾಗಿ ಸ್ಥಾಪಿತವಾದ ಅಖಿಲ ಭಾರತ ಸಂಘದ ಕಾರ್ಯದರ್ಶಿಯಾಗಿ 1920ರ ದಶಕದ ಕೊನೆಯಲ್ಲಿ ದುಡಿದರು. 1929ರ ಶಾರದಾ ಕಾನೂನು ಹುಡುಗಿಯ ಮದುವೆಯ ವಯಸ್ಸನ್ನು 14 ಎಂದು ನಿಗದಿಪಡಿಸಿತು. ಇಂದಿಗೆ ಅದು ಅತ್ಯಲ್ಪವೆನಿಸಬಹುದು. ಮೈ ಬಲಿಯುವ ಮುನ್ನವೇ ಬಸಿರಾಗಿ, ಮೊದಲ ಹೆರಿಗೆಯಲ್ಲೇ ಕಣ್ಮುಚ್ಚುತ್ತಿದ್ದ ಬಾಲೆಯರ ಕಾಲದಲ್ಲಿ ಅಲ್ಪವಾಗಿರಲಿಲ್ಲ.

ಅದೇ ವರ್ಷ ಲಂಡನ್ನಿನ ಕ್ಯಾಕ್ಸ್‌ಟನ್ ಹಾಲಿನಲ್ಲಿ ಭಾರತೀಯ ಸ್ತ್ರೀಯರ ಸ್ಥಿತಿಗತಿಯನ್ನು ಕುರಿತು ಸಮ್ಮೇಳನವೊಂದು ಜರುಗಿತು. ಕರೆದವರು ಎಲಿನರ್ ರಾಥ್‌ಬೋನ್ ಎಂಬ ಇಂಗ್ಲಿಷ್ ಮಹಿಳೆ. ಭಾರತದ ಹೆಣ್ಣನ್ನು ಉದ್ಧರಿಸುವ ಹೊಣೆ ಬ್ರಿಟಿಷ್ ಸ್ತ್ರೀಯರದೆಂಬ ಧ್ವನಿ ಸಭೆಯಲ್ಲಿ ಮೂಡಿದಾಗ, ಅಲ್ಲಿದ್ದ ಧನ್ವಂತಿಯವರು ಎದ್ದು ನಿಂತು ಅದನ್ನು ಪ್ರತಿಭಟಿಸಿದರು. ನಮ್ಮ ಮನೆಯ ಕಸವನ್ನು ನಾವೇ ಗುಡಿಸಬಲ್ಲೆವೆಂಬುದು ಅವರ ವಾದದ ಸಾರ. ಪತಿ ಸರಕಾರದ ಉನ್ನತ ಅಧಿಕಾರಿಯಾಗಿದ್ದಾಗ ಪತ್ನಿ ಹೀಗೆ ನುಡಿದದ್ದು ಗಮನಾರ್ಹ.

ಸಂತಾನ ನಿಯಂತ್ರಣದ ಪ್ರಶ್ನೆಯನ್ನು ನಮ್ಮಲ್ಲಿ ಮೊದಲು ಎತ್ತಿದವರು ಅವರೇನಲ್ಲ. ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆಯವರು 1921ರಲ್ಲೇ ಕೇಂದ್ರವೊಂದನ್ನು ತೆರೆದಿದ್ದರು. ಅದರ ಫಲವಾಗಿ ವಿಲ್ಸನ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಪದವಿಯನ್ನೇ ಬಿಡಬೇಕಾಯಿತು. 1930ರಲ್ಲಿ ಮೈಸೂರು ಸಂಸ್ಥಾನದ ಸರಕಾರ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಸರಕಾರವೊಂದು ತಾನಾಗಿ ಇಂಥ ಹೆಜ್ಜೆಯಿಟ್ಟದ್ದು ಜಗತ್ತಿನಲ್ಲೇ ಮೊದಲೆನ್ನುತ್ತಾರೆ. ಮುಂಬಯಿ ಪ್ರಾಂತದ ಕನ್ನಡಿಗರಿಗೆ ಆ ಭಾಗ್ಯವಿರಲಿಲ್ಲ. 1938ರಲ್ಲಿ ಅಂಬೇಡ್ಕರರ ಪಕ್ಷದವರು ಮುಂಬಯಿಯ ಶಾಸನಸಭೆಯಲ್ಲಿ ಮಂಡಿಸಿದ ನಿರ್ಣಯ ಬಿದ್ದುಹೋಯಿತು. ಗಾಂಧೀಜಿಯವರಂತೂ ಸಂಯಮವೊಂದೇ ಮಾರ್ಗವೆಂದು ನಂಬಿದ್ದರು. 1935ರಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ವಾದಿಸಿದರೂ ಅವರ ನಿಲುವು ಕದಲಲಿಲ್ಲ.

ಹೆರಿಗೆಯೆಂದರೆ ಹೆಣ್ಣಿಗೆ ಮರುಜನ್ಮವೆಂಬುದು ನಮ್ಮ ಹಳ್ಳಿಗಳ ಮಾತು. ಆ ಮರುಜನ್ಮವನ್ನು ಎಷ್ಟು ಸಾರಿ ಎತ್ತಬೇಕೆಂಬುದು ಮಾತ್ರ ಹೆತ್ತವಳ ಕೈಯಲ್ಲಿರಲಿಲ್ಲ. ಉಳ್ಳವರ ಮನೆಯ ಸೊಸೆ ತನ್ನ ವೈದ್ಯರನ್ನು ಗುಟ್ಟಾಗಿ ಕೇಳಿ ತಿಳಿದುಕೊಳ್ಳಬಹುದಾಗಿತ್ತು. ಗಿರಣಿಯ ಕೂಲಿಕಾರಳಿಗೆ, ಹೊಲದಲ್ಲಿ ಕಳೆ ಕೀಳುವವಳಿಗೆ, ಮಗ್ಗದ ಮುಂದೆ ಕುಳಿತವಳಿಗೆ ಹೇಳುವವರೇ ಇರಲಿಲ್ಲ. ಈ ಅಂತರವನ್ನು ತೊಡೆಯುವ ಕಾರ್ಯವನ್ನು ಧನ್ವಂತಿಯವರು ಕೈಗೆತ್ತಿಕೊಂಡಾಗ ಅವರಿಗೆ 56 ವರ್ಷ. ಅಷ್ಟರಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತಿನ ಅಧ್ಯಕ್ಷತೆಯನ್ನು ನಿರ್ವಹಿಸಿದ್ದರು. ಪತಿಯೊಡನೆ ದಕ್ಷಿಣ ಆಫ್ರಿಕಾ, ಜಪಾನ್, ಅಮೆರಿಕಗಳಲ್ಲಿದ್ದು ಬಂದಿದ್ದರು. 1949ರಲ್ಲಿ ರಾಮರಾಯರು ರಿಸರ್ವ್ ಬ್ಯಾಂಕಿನ ಗವರ್ನರರಾದರು. ಅದೇ ವರ್ಷ ಧನ್ವಂತಿಯವರು ಆವಾಬಾಯಿ ವಾಡಿಯಾ ಮೊದಲಾದವರೊಡನೆ ಸೇರಿ ಮುಂಬಯಿಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಸ್ಥಾಪಿಸಿದರು. ಗವರ್ನರರ ಪತ್ನಿ ಉದ್ಘಾಟನೆಗಳ ರಿಬ್ಬನ್ ಕತ್ತರಿಸಿಕೊಂಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಆರಿಸಿಕೊಂಡದ್ದು, ಸಭ್ಯರ ಮನೆಯಲ್ಲಿ ಪಿಸುಮಾತಿನಲ್ಲೂ ಆಡಬಾರದೆನಿಸಿಕೊಂಡಿದ್ದ ವಿಷಯವನ್ನು.

ಪ್ರಥಮ ಪಂಚವಾರ್ಷಿಕ ಯೋಜನೆಯಲ್ಲಿ ಕುಟುಂಬ ಯೋಜನೆಗೆ 65 ಲಕ್ಷ ರೂಪಾಯಿ ಸಂದಿತು. ಆದರೆ ಆರೋಗ್ಯ ಸಚಿವೆ ರಾಜಕುಮಾರಿ ಅಮೃತಕೌರ್ ಗಾಂಧೀಜಿಯವರ ಶಿಷ್ಯೆ. ಸಾಧನಗಳ ಬಳಕೆ ಅವರಿಗೆ ಒಪ್ಪಿಗೆಯಿರಲಿಲ್ಲ. ಹೀಗಾಗಿ ಗರ್ಭ ನಿಲ್ಲದ ದಿನಗಳನ್ನು ಎಣಿಸುವ ಪದ್ಧತಿಯ ಪ್ರಯೋಗ ದಿಲ್ಲಿಯ ಲೋದಿ ಕಾಲೋನಿಯಲ್ಲೂ ನಮ್ಮ ರಾಮನಗರದಲ್ಲೂ ನಡೆಯಿತು. ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟು ದಿನಗಳ ಲೆಕ್ಕ ಹಿಡಿಯಲು ಕಲಿಸಿದರು. ಮಣಿ ಎಣಿಸುವುದೇನೋ ಹೆಂಡತಿಯ ಕೆಲಸ. ಗಂಡ ಎಣಿಕೆಗೆ ಒಪ್ಪಬೇಕಲ್ಲ! ಫಲ ನಿರಾಶಾದಾಯಕವಾಯಿತು.

1952ರ ನವೆಂಬರಿನಲ್ಲಿ ಧನ್ವಂತಿಯವರ ಸಂಘದ ಆಶ್ರಯದಲ್ಲಿ ಮುಂಬಯಿಯಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಎಂಟು ನಾಡುಗಳ ಸಂಘಗಳು ಒಂದಾಗಿ ಅಲ್ಲಿಯೇ ಜಾಗತಿಕ ಒಕ್ಕೂಟವೊಂದು ಜನ್ಮತಾಳಿತು. ಸ್ಯಾಂಗರ್ ಮತ್ತು ಧನ್ವಂತಿಯವರು ಅದರ ಜೋಡಿ ಅಧ್ಯಕ್ಷಿಣಿಯರಾದರು. 1959ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. 1963ರಿಂದ 1971ರವರೆಗೆ, ಎಪ್ಪತ್ತು ದಾಟಿದ ವಯಸ್ಸಿನಲ್ಲೂ, ಅವರೇ ಆ ಒಕ್ಕೂಟವನ್ನು ನಡೆಸಿದರು. ಅವರು ಕಟ್ಟಿದ ಭಾರತೀಯ ಸಂಘದ ಶಾಖೆಯೊಂದು ಹುಬ್ಬಳ್ಳಿಯ ನೆರೆಯ ಧಾರವಾಡಕ್ಕೂ ಬಂದಿತು.

ಅವರ ಚಳವಳಿಯಲ್ಲಿ ದೋಷವಿರಲಿಲ್ಲವೆನ್ನಲಾಗದು. ತಾಯಿಯ ಆರೋಗ್ಯದಿಂದ ಹೊರಟ ಮಾತು ಬರುಬರುತ್ತ ದೇಶದ ಜನಸಂಖ್ಯೆಯ ಮಾತಾಯಿತು. ಹೆಣ್ಣಿನ ಇಚ್ಛೆಗಿಂತ ಅಂಕಿಗಳ ಪಟ್ಟಿ ಹಿರಿದಾಯಿತು. ಅದು ಎಲ್ಲಿಗೆ ಒಯ್ದಿತೆಂಬುದನ್ನು ತುರ್ತುಪರಿಸ್ಥಿತಿಯಲ್ಲಿ ದೇಶ ಕಂಡಿತು: 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಮೇಲ್ಪಟ್ಟು ಸಂತಾನಹರಣ ಶಸ್ತ್ರಚಿಕಿತ್ಸೆಗಳು; ಅವುಗಳಲ್ಲಿ ಬಲಾತ್ಕಾರದವು ಎಷ್ಟೋ. ಅದರ ಪಾಪವನ್ನು ಧನ್ವಂತಿಯವರ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಸಂಖ್ಯೆಯ ಭಯವನ್ನು ಬಿತ್ತಿದವರಲ್ಲಿ ಅವರ ಪೀಳಿಗೆಯ ಹಲವು ಮುಂದಾಳುಗಳೂ ಇದ್ದರೆಂಬುದನ್ನು ಮುಚ್ಚಿಡುವುದೂ ಸತ್ಯಕ್ಕೆ ಅಪಚಾರವೇ.

1977ರಲ್ಲಿ ತಮ್ಮ ಆತ್ಮಕಥೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಅವರು 1987ರಲ್ಲಿ ತೀರಿಕೊಂಡರು. ಅವರು ಜಾಗತಿಕ ಒಕ್ಕೂಟದ ಅಧ್ಯಕ್ಷತೆಯಿಂದ ಇಳಿದ 1971ರಲ್ಲೇ ನಮ್ಮ ಸಂಸತ್ತು ವೈದ್ಯಕೀಯ ಗರ್ಭಪಾತದ ಕಾನೂನನ್ನು ಅಂಗೀಕರಿಸಿತ್ತು. 2021ರ ತಿದ್ದುಪಡಿ ಅದನ್ನು ಇನ್ನಷ್ಟು ವಿಸ್ತರಿಸಿತು. ವಯಸ್ಕಳಾದ ಹೆಂಗಸು ತಾನೊಬ್ಬಳೇ ಒಪ್ಪಿಗೆ ಕೊಟ್ಟರೆ ಸಾಕು, ಗಂಡನ ಸಹಿ ಬೇಕಿಲ್ಲವೆಂದು ಆ ಕಾನೂನು ಮೊದಲಿನಿಂದಲೂ ಹೇಳುತ್ತದೆ. ಹುನಗುಂದದ ಹಳ್ಳಿಯಿಂದ ಬಸ್ಸು ಹತ್ತಿ ಬಾಗಲಕೋಟೆಯ ಆಸ್ಪತ್ರೆಗೆ ಬರುವ ಎಷ್ಟು ಮಂದಿಗೆ ಅದನ್ನು ಯಾರಾದರೂ ಹೇಳಿದ್ದಾರೋ!