ಪಾಲಿ ಭಾಷೆಯ ಬೆನ್ನುಹತ್ತಿದ ವಿದ್ಯಾರ್ಥಿ: ಧರ್ಮಾನಂದ ಕೋಸಂಬಿ



ಹಳ್ಳಿ ಶಾಲೆಯಲ್ಲಿ ಅಲ್ಪಸ್ವಲ್ಪ ಕಲಿತು ತೆಂಗಿನ ತೋಟ ನೋಡಿಕೊಂಡಿದ್ದ ಯುವಕನೊಬ್ಬ ಮುಂದೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ವಿದ್ವಾಂಸನಾಗಿ ಹೋದನೆಂದರೆ ನೀವು ನಂಬುತ್ತೀರಾ? ಆತನ ಕೈಯಲ್ಲಿ ಪದವಿ ಇರಲಿಲ್ಲ, ಹಣವಿರಲಿಲ್ಲ, ಕೈಹಿಡಿದು ನಡೆಸುವವರೂ ಇರಲಿಲ್ಲ. ಇದ್ದದ್ದು ಕಲಿಯಬೇಕೆಂಬ ಹಂಬಲವೊಂದೇ. ಆ ಯುವಕನೇ ಮುಂದೆ ಪಾಲಿ ಭಾಷೆಯ ಮಹಾ ಪಂಡಿತರೆನಿಸಿದ ಧರ್ಮಾನಂದ ಕೋಸಂಬಿ.

ಅವರು ಹುಟ್ಟಿದ್ದು 1876ರ ಅಕ್ಟೋಬರ್ 9ರಂದು, ಗೋವಾದ ಸಾಂಖವಾಳ ಎಂಬ ಹಳ್ಳಿಯಲ್ಲಿ. ಗೋವಾ ಆಗ ಪೋರ್ಚುಗೀಸರ ಆಳ್ವಿಕೆಯಲ್ಲಿತ್ತು. ಹೆಚ್ಚಿನ ಓದಿಗೆ ಊರಿನಲ್ಲಿ ಅನುಕೂಲವಿರಲಿಲ್ಲ, ಬಾಲಕನ ಆರೋಗ್ಯವೂ ಅಷ್ಟಕ್ಕಷ್ಟೆ. ಚಿಕ್ಕ ವಯಸ್ಸಿನಲ್ಲೇ ಮದುವೆಯಾಯಿತು. ಹೀಗಿರುವಾಗ ಮರಾಠಿಯ ಮಕ್ಕಳ ಪತ್ರಿಕೆಯೊಂದರಲ್ಲಿ ಬುದ್ಧನ ಜೀವನದ ಬಗ್ಗೆ ಬಂದ ಬರಹವನ್ನು ಓದಿದರು. ಅದು ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಬುದ್ಧನ ವಿಚಾರವನ್ನು ಸರಿಯಾಗಿ ತಿಳಿಯಬೇಕು, ಯಾರೋ ಹೇಳಿದ್ದನ್ನು ಕೇಳಿ ಅಲ್ಲ, ಮೂಲ ಗ್ರಂಥಗಳನ್ನೇ ಓದಿ ತಿಳಿಯಬೇಕು ಎಂದು ನಿಶ್ಚಯಿಸಿದರು.

1899ರ ಕೊನೆಯಲ್ಲಿ ಅವರು ಮನೆ ಬಿಟ್ಟರು. ಹೆಂಡತಿ ಬಾಳಾಬಾಯಿ ಮತ್ತು ಇನ್ನೂ ಹಸುಗೂಸಾಗಿದ್ದ ಮಗಳನ್ನು ಹಿಂದೆ ಬಿಟ್ಟು ಹೊರಟರೆಂಬುದನ್ನು ಇಲ್ಲಿ ಹೇಳಲೇಬೇಕು. ದೊಡ್ಡವರ ಸಾಧನೆಯನ್ನು ಹೊಗಳುವಾಗ ಅದರ ಬೆಲೆಯನ್ನು ತೆತ್ತವರನ್ನು ನಾವು ಮರೆತುಬಿಡುತ್ತೇವೆ. ಕೋಸಂಬಿಯವರು ಕಲಿಯುತ್ತಾ ಊರೂರು ಸುತ್ತಿದ ವರ್ಷಗಳಲ್ಲಿ ಮಗುವನ್ನು ಸಾಕಿ, ಗಂಡನ ದಾರಿ ಕಾಯುತ್ತಾ ಕುಳಿತವರು ಬಾಳಾಬಾಯಿ. ಈ ವಿದ್ಯೆಯಲ್ಲಿ ಆ ತಾಯಿಯ ಪಾಲೂ ಇದೆ.

ಮೊದಲು ಪುಣೆಗೆ ಹೋಗಿ ಪ್ರಸಿದ್ಧ ವಿದ್ವಾಂಸ ಡಾ. ಆರ್.ಜಿ. ಭಂಡಾರ್ಕರ್ ಅವರನ್ನು ಕಂಡರು. ಅಲ್ಲಿಂದ ಗ್ವಾಲಿಯರ್, ನಂತರ ಕಾಶಿ. ಕಾಶಿಯಲ್ಲಿ ಅನ್ನಛತ್ರದ ಊಟದಲ್ಲಿ ಹೊಟ್ಟೆ ಹೊರೆದುಕೊಂಡು ಸಂಸ್ಕೃತ ಕಲಿತರು. ಬೌದ್ಧ ಧರ್ಮ ಉಳಿದಿರಬಹುದೆಂದು ಕಷ್ಟಪಟ್ಟು ನೇಪಾಳ ತಲುಪಿದರೆ, ಅಲ್ಲಿ ಅವರು ಅರಸುತ್ತಿದ್ದುದು ಸಿಗಲಿಲ್ಲ. ನಿರಾಶರಾಗಿ ಬುದ್ಧಗಯೆಗೆ ಬಂದಾಗ, ಪಾಲಿ ಕಲಿಯಬೇಕಾದರೆ ಸಿಂಹಳಕ್ಕೆ ಹೋಗಬೇಕೆಂದು ಅಲ್ಲಿನ ಭಿಕ್ಷುವೊಬ್ಬರು ದಾರಿ ತೋರಿಸಿದರು.

ಬಿಹಾರದ ನೆಲದಲ್ಲಿ ಹುಟ್ಟಿದ ವಿಚಾರವನ್ನು ಓದಲು ಸಮುದ್ರ ದಾಟಿ ಏಕೆ ಹೋಗಬೇಕು ಎಂದು ನೀವು ಕೇಳಬಹುದು. ಬುದ್ಧನ ಉಪದೇಶಗಳು ಪಾಲಿ ಭಾಷೆಯಲ್ಲಿ ತ್ರಿಪಿಟಕ, ಅಂದರೆ ಮೂರು ಬುಟ್ಟಿಗಳು ಎಂಬ ಹೆಸರಿನಲ್ಲಿ ಉಳಿದುಬಂದಿವೆ. ಭಿಕ್ಷುಗಳ ನಿಯಮಗಳದ್ದು ವಿನಯ ಪಿಟಕ, ಉಪದೇಶಗಳದ್ದು ಸುತ್ತ ಪಿಟಕ, ತತ್ತ್ವವಿಚಾರದ್ದು ಅಭಿಧಮ್ಮ ಪಿಟಕ. ಭಾರತದಲ್ಲಿ ಈ ಓದಿನ ಪರಂಪರೆ ಶತಮಾನಗಳ ಹಿಂದೆಯೇ ಕಡಿದುಹೋಗಿತ್ತು. ಸಿಂಹಳ, ಬರ್ಮಾ, ಸಯಾಮ್ ಮುಂತಾದ ದೇಶಗಳ ವಿಹಾರಗಳಲ್ಲಿ ಅದು ಜೀವಂತವಾಗಿತ್ತು. ಪಾಲಿಗೆ ತನ್ನದೇ ಆದ ಲಿಪಿಯೂ ಇಲ್ಲ. ಸಿಂಹಳದಲ್ಲಿ ಸಿಂಹಳ ಲಿಪಿಯಲ್ಲಿ, ಬರ್ಮಾದಲ್ಲಿ ಬರ್ಮಿ ಲಿಪಿಯಲ್ಲಿ ಬರೆಯುತ್ತಾರೆ. ಯುರೋಪಿನ ವಿದ್ವಾಂಸರು ರೋಮನ್ ಲಿಪಿಯಲ್ಲಿ ಅಚ್ಚು ಹಾಕಿಸಿದರು. 1881ರಲ್ಲಿ ಲಂಡನ್ನಿನಲ್ಲಿ ರೈಸ್ ಡೇವಿಡ್ಸ್ ಸ್ಥಾಪಿಸಿದ ಪಾಲಿ ಟೆಕ್ಸ್ಟ್ ಸೊಸೈಟಿ ಈ ಕೆಲಸವನ್ನು ಕೈಗೊಂಡಿತ್ತು. ನಮ್ಮ ದೇಶದ ವಿದ್ಯಾರ್ಥಿಗೆ ಮಾತ್ರ ತನ್ನದೇ ನೆಲದ ಸಂಪತ್ತು ಎಟುಕದಂತಾಗಿತ್ತು.

1902ರಲ್ಲಿ ಕೋಸಂಬಿ ಕೊಲಂಬೋ ತಲುಪಿ, ವಿದ್ಯೋದಯ ಪರಿವೇಣದಲ್ಲಿ ಸುಮಂಗಲ ಮಹಾಸ್ಥವಿರರ ಶಿಷ್ಯರಾದರು. ಶ್ರಾಮಣೇರ ದೀಕ್ಷೆ ಪಡೆದು ಪಾಲಿ ಕಲಿತರು. ಅಲ್ಲಿನ ಆಹಾರ ಅವರ ಮೈಗೆ ಒಗ್ಗಲಿಲ್ಲ. ಮದರಾಸಿಗೆ ಬಂದು, ಮುಂದೆ ಬರ್ಮಾಕ್ಕೆ ಹೋಗಿ ಭಿಕ್ಷುವಾದರು. ಹೋದಲ್ಲೆಲ್ಲ ಅಲ್ಲಿನ ಲಿಪಿ ಕಲಿತರು, ಗ್ರಂಥ ಓದಿದರು. ಸುಮಾರು ಏಳು ವರ್ಷಗಳ ಅಲೆದಾಟದ ಬಳಿಕ 1906ರಲ್ಲಿ ಕಲ್ಕತ್ತೆಯಲ್ಲಿ ಪಾಲಿ ಅಧ್ಯಾಪಕರಾದರು. ಭಿಕ್ಷು ಜೀವನ ಬಿಟ್ಟು ಮತ್ತೆ ಸಂಸಾರಕ್ಕೆ ಮರಳಿದರು. 1907ರಲ್ಲಿ ಹುಟ್ಟಿದ ಅವರ ಮಗ ಡಿ.ಡಿ. ಕೋಸಂಬಿ ಗಣಿತಜ್ಞರಾಗಿ, ಇತಿಹಾಸಕಾರರಾಗಿ ಪ್ರಸಿದ್ಧರಾದರು.

ಕಲ್ಕತ್ತೆಯಲ್ಲೇ ಉಳಿದಿದ್ದರೆ ಒಳ್ಳೆಯ ಸಂಬಳವಿತ್ತು. ಆದರೆ ಅವರಿಗೆ ತಮ್ಮ ಮರಾಠಿ ಜನರಿಗೆ ಈ ಜ್ಞಾನ ತಲುಪಬೇಕೆಂಬ ಆಸೆ. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 50 ರೂಪಾಯಿ ಕೊಡಲು ಒಪ್ಪಿದಾಗ, ಹೆಚ್ಚಿನ ಸಂಬಳವನ್ನು ಬಿಟ್ಟು ಬಂದುಬಿಟ್ಟರು. ಭಂಡಾರ್ಕರ್ ಅವರ ಬೆಂಬಲದಿಂದ ಮುಂಬೈ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಪಾಲಿಗೆ ಸ್ಥಾನ ದೊರೆಯಿತು. 1912ರಿಂದ 1918ರವರೆಗೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅವರು ಪಾಲಿ ಕಲಿಸಿದರು. ಪಿ.ವಿ. ಬಾಪಟ್‌ರಂತಹ ವಿದ್ವಾಂಸರು ಅವರ ಶಿಷ್ಯರು.

ಇನ್ನು ಹಾರ್ವರ್ಡಿನ ವಿಷಯ. ಐದನೆಯ ಶತಮಾನದಲ್ಲಿ ಬುದ್ಧಘೋಷ ಬರೆದ 'ವಿಸುದ್ಧಿಮಗ್ಗ' ಎಂಬ ಮಹಾಗ್ರಂಥವನ್ನು ಹೆನ್ರಿ ಕ್ಲಾರ್ಕ್ ವಾರನ್ ಎಂಬ ಅಮೆರಿಕನ್ ವಿದ್ವಾಂಸರು ಸಂಪಾದಿಸುತ್ತಿದ್ದರು. 1899ರಲ್ಲಿ ಅವರು ತೀರಿಕೊಂಡಾಗ ಕೆಲಸ ಅರ್ಧಕ್ಕೇ ನಿಂತಿತು. ಅದನ್ನು ಮುಂದುವರಿಸಲು 1910ರಲ್ಲಿ ಕೋಸಂಬಿಯವರಿಗೆ ಕರೆ ಬಂತು. ಆದರೆ ಸಂಪಾದಕತ್ವದ ಮನ್ನಣೆಯ ವಿಷಯದಲ್ಲಿ ಪ್ರೊ. ಲ್ಯಾನ್‌ಮನ್ ಅವರೊಂದಿಗೆ ಭಿನ್ನಾಭಿಪ್ರಾಯ ಉಂಟಾಗಿ 1912ರಲ್ಲಿ ಹಿಂತಿರುಗಿದರು. ದುಡಿದವನಿಗೆ ಹೆಸರು ಸಲ್ಲಬೇಕೆಂಬ ಸ್ವಾಭಿಮಾನ ಅವರದು. ಆದರೆ ಆ ಮುನಿಸಿಗಾಗಿ ಕೆಲಸವನ್ನು ಕೈಬಿಡಲಿಲ್ಲ. ಮತ್ತೆ ಮತ್ತೆ ಹೋಗಿ ಮುಗಿಸಿಕೊಟ್ಟರು. ಹಾರ್ವರ್ಡ್ ಅದನ್ನು ಪ್ರಕಟಿಸಿದ್ದು 1950ರಲ್ಲಿ, ಅವರು ತೀರಿಕೊಂಡ ಬಳಿಕ. ಅದಕ್ಕೂ ಮೊದಲೇ, 1940ರಲ್ಲಿ, ಅದೇ ಗ್ರಂಥವನ್ನು ನಾಗರಿ ಲಿಪಿಯಲ್ಲಿ ಸಂಪಾದಿಸಿ ಭಾರತೀಯರ ಕೈಗಿಟ್ಟಿದ್ದರು.

ಅಷ್ಟೇ ಅಲ್ಲ, ರಷ್ಯಾದ ಲೆನಿನ್‌ಗ್ರಾಡಿನಲ್ಲೂ ಪಾಲಿ ಬೋಧಿಸಿದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡರು. ಮುಂಬೈಯ ಪರೇಲ್‌ನ ಕಾರ್ಮಿಕರ ನಡುವೆ ಬಹುಜನ ವಿಹಾರ ಸ್ಥಾಪಿಸಿದರು.

ಮೂಲವನ್ನು ಓದಿದರೆ ಏನು ಲಾಭ ಎಂಬುದಕ್ಕೆ ಅವರ 'ಭಗವಾನ್ ಬುದ್ಧ' ಗ್ರಂಥವೇ ಸಾಕ್ಷಿ. ಮುದುಕ, ರೋಗಿ ಮತ್ತು ಶವವನ್ನು ಕಂಡು ಸಿದ್ಧಾರ್ಥ ಮನೆ ಬಿಟ್ಟನೆಂಬ ಕಥೆಯನ್ನು ನಾವೆಲ್ಲ ಓದಿದ್ದೇವೆ. ಕೋಸಂಬಿ ಹಳೆಯ ಸುತ್ತಗಳನ್ನು ಪರಿಶೀಲಿಸಿ, ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಮತ್ತು ಕೋಲಿಯರ ನಡುವೆ ನಡೆದ ಜಗಳವನ್ನು ಮುಂದಿಟ್ಟರು. ಜನ ಆಯುಧ ಹಿಡಿದು ಹೊಡೆದಾಡುವುದನ್ನು ಕಂಡ ಬೇಸರವೇ ಬುದ್ಧನ ಗೃಹತ್ಯಾಗಕ್ಕೆ ಕಾರಣವಾಗಿರಬೇಕೆಂದು ವಾದಿಸಿದರು. ಡಾ. ಅಂಬೇಡ್ಕರ್ ಅವರ 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲೂ ರೋಹಿಣಿ ನೀರಿನ ವಿವಾದವೇ ಕಾರಣವಾಗಿ ಬರುತ್ತದೆ. ನೀವು ಈ ವಾದವನ್ನು ಒಪ್ಪಬಹುದು, ಬಿಡಬಹುದು. ಆದರೆ ಮೂಲ ಓದದವನಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

1947ರ ಜೂನ್ 4ರಂದು, ಸ್ವಾತಂತ್ರ್ಯಕ್ಕೆ ಹತ್ತು ವಾರಗಳಷ್ಟೇ ಇರುವಾಗ, ಗಾಂಧೀಜಿಯ ಸೇವಾಗ್ರಾಮದಲ್ಲಿ ಕೋಸಂಬಿ ಕೊನೆಯುಸಿರೆಳೆದರು.

ಮಿತ್ರರೇ, ಇಂದು ನಮಗೆ ಶಾಲೆಯಿದೆ, ಗ್ರಂಥಾಲಯವಿದೆ, ವಿದ್ಯಾರ್ಥಿವೇತನವಿದೆ. ಕಾಶಿಯ ಛತ್ರದ ಅನ್ನ ಉಂಡು ಓದಿದವರ ಮುಂದೆ ನಮ್ಮ ಅಡಚಣೆಗಳು ಎಷ್ಟರವು? ಇನ್ನೊಬ್ಬರ ಧರ್ಮದ ಬಗ್ಗೆಯಾಗಲಿ, ನಮ್ಮದರ ಬಗ್ಗೆಯಾಗಲಿ, ಕೇಳಿದ ಮಾತನ್ನೇ ನಂಬಿ ಮಾತನಾಡುವ ಮೊದಲು ಮೂಲವನ್ನೊಮ್ಮೆ ತೆರೆದು ನೋಡೋಣ. ಹೊಸದೊಂದು ಭಾಷೆ ಕಲಿಯಲು ಇಂದೇ ಮನಸ್ಸು ಮಾಡೋಣ.